ಲ್ಯಾಪ್‌ಟಾಪಿಗೊಂದು ಮಣೆ

ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಅರ್ಧ ಗಂಟೆ ಕೆಲಸ ಮಾಡಿ, ಅನಂತರ ಅದರ ತಳವನ್ನು ಮುಟ್ಟಿ ನೋಡಿರಿ. ಶಾಖ ಕೈಗೆ ತಿಳಿಯುವುದು. ಒಳಗಿನ ಪ್ರೊಸೆಸರು ಬಳಸುವ ವಿದ್ಯುತ್ತೆಲ್ಲವೂ ಕಟ್ಟಕಡೆಗೆ ಶಾಖವಾಗಿಯೇ ಪರಿಣಮಿಸುತ್ತದೆ. ಅದನ್ನು ಹೊರಕ್ಕಟ್ಟುವುದಕ್ಕೆ ಪುಟ್ಟದೊಂದು ಫ್ಯಾನು ಉಂಟಷ್ಟೆ. ಅನೇಕ ಮಾದರಿಗಳಲ್ಲಿ ಇದು ಗಾಳಿಯನ್ನು ಹೀರಿಕೊಳ್ಳುವುದು ತಳದ ಕಿಂಡಿಗಳಿಂದ. ಮೇಜಿಗೂ ತಳಕ್ಕೂ ನಡುವೆ ಇರುವುದು ಕೆಲವೇ ಮಿಲಿಮೀಟರುಗಳ ಸಂದು. ಹಾಸಿಗೆಯ ಮೇಲೆ ಅದೂ ಇಲ್ಲ. ಸ್ಟ್ಯಾಂಡು ಮಾಡುವ ಉಪಕಾರವೆಂದರೆ ಈ ಸಂದನ್ನು ಹಿಗ್ಗಿಸುವುದು. ಕಿಂಡಿಗಳು ಹಿಂಬದಿಯಲ್ಲಿರುವ ಯಂತ್ರಗಳಿಗೂ, 2020ರ ಕೊನೆಯಿಂದ ಬಂದ ಮ್ಯಾಕ್‌ಬುಕ್ ಏರ್‌ನಂತೆ ಫ್ಯಾನೇ ಇಲ್ಲದವಕ್ಕೂ ಅದರಿಂದಾಗುವ ಲಾಭ ಅಲ್ಪ.

ಹಾಗಾದರೆ ಸ್ಟ್ಯಾಂಡಿಲ್ಲದ ಯಂತ್ರದ ಆಯುಸ್ಸು ಕಡಮೆಯೆ? ಪ್ರೊಸೆಸರಿನ ಮಟ್ಟಿಗೆ ಅಷ್ಟು ಭಯವಿಲ್ಲ. ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿಗೆ ಬಂದಿತೆಂದರೆ ಅದು ತಾನಾಗಿಯೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಕೆಲಸ ಮಂದವಾಗುತ್ತದೆ, ಯಂತ್ರ ಸುಡುವುದಿಲ್ಲ. ಪೆಟ್ಟು ಬೀಳುವುದು ಅದೇ ಪೆಟ್ಟಿಗೆಯೊಳಗಿರುವ ಲಿಥಿಯಂ-ಅಯಾನ್ ಬ್ಯಾಟರಿಗೆ. ಉಷ್ಣತೆ ಏರಿದಂತೆ ರಾಸಾಯನಿಕ ಕ್ರಿಯೆಗಳು ಚುರುಕಾಗುವ ಬಗೆಯನ್ನು ಸ್ವೀಡನ್ನಿನ ಅರೇನಿಯಸ್ 1889ರಲ್ಲಿ ವಿವರಿಸಿದನು. ಬ್ಯಾಟರಿಯನ್ನು ಮುಪ್ಪಿಗೆ ನೂಕುವ ಬೇಡದ ಕ್ರಿಯೆಗಳೂ ಇದಕ್ಕೆ ಹೊರತಲ್ಲ. ದಿನವೂ ಬಿಸಿಯೇರುವ ಬ್ಯಾಟರಿಯ ಧಾರಣಶಕ್ತಿ ಬೇಗ ಕುಗ್ಗುತ್ತದೆ. ಕೆಲವೊಮ್ಮೆ ಅದು ಉಬ್ಬುವುದೂ ಉಂಟು. ಆಗ ಯಂತ್ರದ ಬಳಕೆಯನ್ನೇ ನಿಲ್ಲಿಸಿ ಬಲ್ಲವರಿಂದ ಅದನ್ನು ತೆಗೆಯಿಸತಕ್ಕದ್ದು.

ಇಷ್ಟಕ್ಕೆ ದುಬಾರಿಯ ಅಲ್ಯೂಮಿನಿಯಂ ಸ್ಟ್ಯಾಂಡೇ ಆಗಬೇಕೆಂದಿಲ್ಲ. ಹಿಂಬದಿಯ ಅಂಚಿನಡಿ, ಕಿಂಡಿ ಮುಚ್ಚದಂತೆ, ಎರಡು ಮರದ ತುಂಡುಗಳನ್ನು ಭದ್ರವಾಗಿ ಇಟ್ಟರೂ ಗಾಳಿ ಆಡುತ್ತದೆ. ಆದರೆ ಕಿಂಡಿಯೊಳಗೆ ಧೂಳು ಕಟ್ಟಿಕೊಂಡಿದ್ದರೆ ಎತ್ತರಿಸಿ ಹೆಚ್ಚು ಪ್ರಯೋಜನವಿಲ್ಲ. ಮೊದಲು ಆಗಬೇಕಾದದ್ದು ಅದರ ಶುದ್ಧಿ.