ಊರವರು ಹೆಗಲು ಕೊಟ್ಟ ತೂಗುಸೇತುವೆ

ಬೆಂಗಳೂರಿನ ಸಿಂಗಸಂದ್ರದಲ್ಲಿ ಸೇತುವೆಗಳಿಗೇನೂ ಬರವಿಲ್ಲ. ಹೊಸೂರು ರಸ್ತೆಯ ನೆತ್ತಿಯ ಮೇಲೆ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಮೇಲ್ಸೇತುವೆ 2010ರಲ್ಲೇ ಬಂತು. 2025ರ ಆಗಸ್ಟ್‌ನಿಂದ ಹಳದಿ ಮಾರ್ಗದ ಮೆಟ್ರೊ ಕೂಡ ಓಡುತ್ತಿದೆ. ಇಲ್ಲಿನ ಪಿಜಿಗಳಲ್ಲಿ, ಬಾಡಿಗೆ ಮನೆಗಳಲ್ಲಿ ಸುಳ್ಯ, ಪುತ್ತೂರು, ಶೃಂಗೇರಿ, ಸಿದ್ದಾಪುರದ ಕಡೆಯವರು ಬೇಕಾದಷ್ಟಿದ್ದಾರೆ. ಅವರ ಊರಿನ ಸೇತುವೆಗಳ ಕತೆಯೇ ಬೇರೆ. ಅಲ್ಲಿ ಹೊಳೆ ದಾಟುವ ದಾರಿಯನ್ನು ಊರವರೇ ಕೈಹಾಕಿ ಮಾಡಿಕೊಂಡಿದ್ದಾರೆ.

ಅದರ ಮೊದಲ ರೂಪ ಕಾಲುಸಂಕ. ಮಳೆ ಹಿಡಿಯುವ ಮುಂಚೆ ಕೇರಿಯವರೆಲ್ಲ ಸೇರಿ ಎರಡು ಮೂರು ಅಡಿಕೆ ಮರಗಳನ್ನು ಒತ್ತಾಗಿ ಹಳ್ಳಕ್ಕೆ ಅಡ್ಡ ಹಾಸಿ ಬಿಗಿಯುತ್ತಾರೆ. ಹಿಡಿದುಕೊಳ್ಳಲು ಪಕ್ಕಕ್ಕೊಂದು ಬಿದಿರು ಕಟ್ಟುತ್ತಾರೆ. ನೀರು ಕುಡಿದ ಮರ ಬೇಗ ಕುಂಬಾಗುತ್ತದೆ, ಪಾಚಿ ಕಟ್ಟಿ ಜಾರುತ್ತದೆ. ಶಾಲೆಗೆ ಹೊರಟ ಮಕ್ಕಳು ಜಾರಿ ಬಿದ್ದು ಹೊಳೆಯ ಪಾಲಾದ ಸುದ್ದಿಯನ್ನು ಮಲೆನಾಡು, ಕರಾವಳಿಗಳಲ್ಲಿ ಮಳೆಗಾಲದಲ್ಲಿ ಓದಿದ್ದೇವೆ. ಸಂಕವನ್ನು ಮೆಚ್ಚುವಾಗ ಈ ಸಂಕಟವನ್ನು ಮರೆಯಬಾರದು.

ಊರವರೇ ಸೇತುವೆ ಕಟ್ಟುವುದು ನಮ್ಮಲ್ಲಿ ಮಾತ್ರವಲ್ಲ. ಪೆರು ದೇಶದಲ್ಲಿ ಕುಸ್ಕೊ ಪ್ರದೇಶದ ಅಪುರಿಮಾಕ್ ನದಿಯ ಮೇಲೆ ಇಂಕಾ ಕಾಲದ ಪದ್ಧತಿಯ ಹುಲ್ಲುಹಗ್ಗದ ಸೇತುವೆಯೊಂದಿದೆ. ಹೆಸರು ಕೆಸ್ವಾಚಾಕಾ. ಪ್ರತಿ ಜೂನ್‌ನಲ್ಲಿ ಸುತ್ತಲಿನ ನಾಲ್ಕು ಸಮುದಾಯಗಳವರು ಹುಲ್ಲು ಹೊಸೆದು ಹುರಿ, ಹುರಿ ಹೆಣೆದು ಹಗ್ಗ ಮಾಡಿ, ಹಳೆಯದನ್ನು ಕಳಚಿ ಹೊಸದನ್ನು ಕಟ್ಟುತ್ತಾರೆ. ಈ ವಿದ್ಯೆಯನ್ನು 2013ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಕೊರೊನಾದಿಂದ 2020ರಲ್ಲಿ ಕೆಲಸ ನಿಂತಿತು. 2021ರ ಮಾರ್ಚ್‌ನಲ್ಲಿ ಸೇತುವೆ ಕುಸಿಯಿತು. ಅದೇ ಜೂನ್‌ನಲ್ಲಿ ಜನ ಮತ್ತೆ ಕಟ್ಟಿದರು.

ನಮ್ಮಲ್ಲಿ ಊರ ಕೈಗಳ ಈ ಬಲಕ್ಕೆ ಉಕ್ಕಿನ ಹಗ್ಗ ಜೋಡಿಸಿದವರು ಸುಳ್ಯದ ಗಿರೀಶ್ ಭಾರದ್ವಾಜ್. ಮಂಡ್ಯದ ಪಿಇಎಸ್ ಕಾಲೇಜಿನಲ್ಲಿ 1973ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ, ಸುಳ್ಯದಲ್ಲಿ ವರ್ಕ್‌ಶಾಪ್ ನಡೆಸುತ್ತಿದ್ದವರು. ಪಯಸ್ವಿನಿ ಹೊಳೆ ತುಂಬಿದರೆ ಆಚೆ ದಡದವರಿಗೆ ದಾರಿಯಿಲ್ಲವೆಂದು ಅರಂಬೂರಿನ ಜನ ಅವರಲ್ಲಿಗೆ ಬಂದರು. 1989ರಲ್ಲಿ ಅಲ್ಲಿ ಮೊದಲ ತೂಗುಸೇತುವೆ ಎದ್ದಿತು. ಮುಂದೆ ಕರ್ನಾಟಕ, ಕೇರಳ, ಆಂಧ್ರ, ಒಡಿಶಾಗಳಲ್ಲಿ ನೂರಕ್ಕೂ ಹೆಚ್ಚು ಸೇತುವೆಗಳಾದವು. ‘ತೂಗುಸೇತುವೆಗಳ ಸರದಾರ’ ಎಂದು ಹೆಸರಾದ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು.

ತೂಗುಸೇತುವೆಯ ವಿದ್ಯೆ ಸರಳ, ಆದರೆ ಲೆಕ್ಕ ಬಿಗಿ. ಎರಡೂ ದಡಗಳಲ್ಲಿ ಒಂದೊಂದು ಗೋಪುರ. ಅವುಗಳ ನೆತ್ತಿಯ ಮೇಲಿಂದ ಹಾದ ಉಕ್ಕಿನ ಹಗ್ಗಗಳ ತುದಿ ನೆಲದೊಳಗಿನ ಭಾರಿ ಕಾಂಕ್ರೀಟ್ ದಿಮ್ಮಿಯಲ್ಲಿ ಭದ್ರ. ಹಗ್ಗದಿಂದ ಸಾಲಾಗಿ ಇಳಿಬಿದ್ದ ಸರಳುಗಳು ನಡೆಯುವ ಹಾಸನ್ನು ಎತ್ತಿ ಹಿಡಿಯುತ್ತವೆ. ನಡುಹೊಳೆಯಲ್ಲಿ ಕಂಬವೇ ಇಲ್ಲದ್ದರಿಂದ ನೆರೆಯಲ್ಲಿ ತೇಲಿಬರುವ ಮರಗಳು ಬಡಿಯಲು ಏನೂ ಇರುವುದಿಲ್ಲ. ಹಾಸು ಮಾತ್ರ ನೆರೆಯ ಮಟ್ಟಕ್ಕಿಂತ ಮೇಲಿರಬೇಕು. ಬಟ್ಟೆ ಒಣಗಿಸುವ ಹಗ್ಗದ ಹಾಗೆ ಉಕ್ಕಿನ ಹಗ್ಗವೂ ನಡುವೆ ಜೋಲಲೇಬೇಕು. ಜೋಲು ಕಡಿಮೆಯಾದಷ್ಟೂ ಹಗ್ಗದ ಮೇಲೆ ಸೆಳೆತ ಹೆಚ್ಚು.

ರಸ್ತೆಯಿಲ್ಲದ ಊರಿಗೆ ಲಾರಿ ಹೋಗದು. ಸಿಮೆಂಟು, ಜಲ್ಲಿ, ಕಬ್ಬಿಣವನ್ನು ಊರವರೇ ಹೊರಬೇಕು, ಅಡಿಪಾಯದ ಗುಂಡಿಯನ್ನೂ ತೋಡಬೇಕು. ಹೀಗೆ ಕಡಿಮೆ ಖರ್ಚಿನಲ್ಲಿ, ಕೆಲವೇ ತಿಂಗಳಲ್ಲಿ ಕೆಲಸ ಮುಗಿಯುತ್ತದೆ. ಶಾಲೆ, ಆಸ್ಪತ್ರೆ, ರೇಷನ್ ಅಂಗಡಿ ಮಳೆಗಾಲದಲ್ಲೂ ಕೈಗೆಟುಕುತ್ತವೆ.

ಉಕ್ಕಿಗೆ ಒಂದು ಅಪಾಯವಿದೆ: ಅದು ವರ್ಷವರ್ಷ ನಮ್ಮನ್ನು ಕರೆಯುವುದಿಲ್ಲ. ಹುಲ್ಲಿನ ಸೇತುವೆಯನ್ನು, ಅಡಿಕೆ ಮರದ ಸಂಕವನ್ನು ಮರೆತರೆ ಮರುವರ್ಷ ದಾರಿಯೇ ಇಲ್ಲ. ಉಕ್ಕಿನದು ಹಾಗಲ್ಲ, ತುಕ್ಕು ಸದ್ದಿಲ್ಲದೆ ಹಿಡಿಯುತ್ತದೆ. ನೀರು ನಿಲ್ಲುವ ಸರಳಿನ ಬುಡ, ಸಡಿಲವಾದ ನಟ್ಟು, ಮಣ್ಣಲ್ಲಿ ಹೂತ ಹಗ್ಗದ ತುದಿ, ಇವನ್ನು ಯಾರೂ ಬಗ್ಗಿ ನೋಡುವುದಿಲ್ಲ. 2022ರ ಅಕ್ಟೋಬರ್ 30ರಂದು ಗುಜರಾತಿನ ಮೊರ್ಬಿಯಲ್ಲಿ ತೂಗುಸೇತುವೆ ಕುಸಿದು 130ಕ್ಕೂ ಹೆಚ್ಚು ಜನ ಸತ್ತರು. ಹಗ್ಗದ ಆರೈಕೆಯನ್ನು ಕಡೆಗಣಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಇನ್ನೊಂದು ಪುರಾವೆ ಬೇಡ.

ನೋಡುವ ಮನಸ್ಸಿದ್ದವರಿಗೆ ಉಡುಪಿ ಬಳಿಯ ಕೆಮ್ಮಣ್ಣಿನಲ್ಲಿ ಸ್ವರ್ಣಾ ನದಿಗೆ ಹಾಕಿದ ತೂಗುಸೇತುವೆ ಹೆಸರುವಾಸಿ. ತಿಮ್ಮಣ್ಣ ಕುದ್ರು ಎಂಬ ನಡುಗಡ್ಡೆಯವರ ಓಡಾಟಕ್ಕೆ ಆದದ್ದು ಅದು. ಹೋದವರು ಗುಂಪುಗೂಡಿ ಕುಣಿಯಬಾರದು, ಬೇಕೆಂದೇ ತೂಗಾಡಿಸಬಾರದು. ನಮಗೆ ಪ್ರವಾಸವಾದದ್ದು ಅಲ್ಲಿಯವರಿಗೆ ಮನೆಯ ದಾರಿ.

ಇನ್ನು ಸಿಂಗಸಂದ್ರದಲ್ಲಿರುವ ಆ ಊರುಗಳ ಮಕ್ಕಳು. ಬೊಮ್ಮಸಂದ್ರದ ಕಾರ್ಖಾನೆಗಳಲ್ಲಿ ದಿನವೂ ಬೋಲ್ಟು, ಬೇರಿಂಗು ಪರೀಕ್ಷಿಸುವ ಕೈಗಳು ಇಲ್ಲಿವೆ. ಮೇ ತಿಂಗಳಲ್ಲಿ ಊರಿಗೆ ಹೋದಾಗ ಒಂದು ಭಾನುವಾರ ಸೇತುವೆಯ ಬುಡದಲ್ಲಿ ಕಳೆದು, ಕಂಡ ತುಕ್ಕು, ಬಿರುಕುಗಳ ಫೋಟೊ ಸಮೇತ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಟ್ಟು, ರಿಪೇರಿಯಾಗುವವರೆಗೆ ಬೆನ್ನು ಹತ್ತಲಿ. ಹಿರಿಯರು ಸಿಮೆಂಟು ಹೊತ್ತು ಕಟ್ಟಿದ ಸೇತುವೆಗೆ ಅಷ್ಟಾದರೂ ನಾವು ಮಾಡಬೇಕು.