ಶಾಲಿವಾಹನ ಶಕವೂ ಚಷ್ಟನ ಕ್ಷತ್ರಪನೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ವಿವಾಹವಾಗಲಿ ಗೃಹಪ್ರವೇಶವಾಗಲಿ, ಪುರೋಹಿತರು ಸಂಕಲ್ಪದಲ್ಲಿ ‘ಶಾಲಿವಾಹನಶಕೇ’ ಎಂದು ಉಚ್ಚರಿಸುವುದನ್ನು ಕೇಳದವರು ವಿರಳ. ಈ ಶಕವು ಯಾರದೆಂದು ಮಕ್ಕಳು ಪ್ರಶ್ನಿಸಿದರೆ, ಶಾಲಿವಾಹನನು ಶಕರನ್ನು ಗೆದ್ದು ಸ್ಥಾಪಿಸಿದನೆಂದು ಹೇಳುವುದು ವಾಡಿಕೆ. ಕಥೆಯು ರಮ್ಯವಾದುದೇ ಸರಿ. ಆದರೆ ನಾಣ್ಯಗಳೂ ಶಿಲೆಗಳೂ ನುಡಿಯುವ ಸಾಕ್ಷ್ಯವು ಬೇರೆಯಾಗಿದೆ.

ಶಕರು ಮಧ್ಯ ಏಷ್ಯದಿಂದ ಬಂದವರು. ಪಶ್ಚಿಮ ಭಾರತವನ್ನಾಳಿದ ಅವರ ಅಧಿಪತಿಗಳಿಗೆ ಕ್ಷತ್ರಪರೆಂದು ಹೆಸರು. ಪಾರಸಿಕ ಮೂಲದ ಈ ಪದಕ್ಕೆ ಪ್ರಾಂತಾಧಿಪತಿಯೆಂದು ಅರ್ಥ. ಇವರಲ್ಲಿ ಚಷ್ಟನನು ಉಜ್ಜಯಿನಿಯಿಂದ ಆಳಿದನು. ಯವನ ಭೂಗೋಳಜ್ಞನಾದ ಟಾಲೆಮಿಯು ಇವನ ಹೆಸರನ್ನೂ ರಾಜಧಾನಿಯನ್ನೂ ಬರೆದಿಟ್ಟಿರುವನು. ಇವನ ಬೆಳ್ಳಿಯ ನಾಣ್ಯಗಳ ಒಂದು ಮುಖದಲ್ಲಿ ರಾಜನ ಶಿರಸ್ಸು, ಇನ್ನೊಂದರಲ್ಲಿ ಮೂರು ಕಮಾನಿನ ಬೆಟ್ಟ, ಚಂದ್ರ, ನಕ್ಷತ್ರಗಳು. ಯವನ, ಬ್ರಾಹ್ಮೀ, ಖರೋಷ್ಠೀ ಅಕ್ಷರಗಳೂ ಉಂಟು.

ಕಚ್ಛ ದೇಶದ ಅಂಧೌ ಗ್ರಾಮದ ಶಾಸನಗಳಲ್ಲಿ ಚಷ್ಟನನ ಹೆಸರಿನೊಡನೆ 11 ಮತ್ತು 52ನೆಯ ವರ್ಷಗಳು ಕಾಣುತ್ತವೆ. ಕ್ರಿ. ಶ. 78ರಿಂದ ಎಣಿಸಿದರೆ ಇವು 89 ಮತ್ತು 130. ಇವನ ಮೊಮ್ಮಗನಾದ ರುದ್ರದಾಮನು ಅದೇ ಗಣನೆಯ 72ನೆಯ ವರ್ಷದಲ್ಲಿ ಬಿರುಮಳೆಗೆ ಒಡೆದ ಸುದರ್ಶನ ಸರೋವರದ ಏರಿಯನ್ನು, ಪ್ರಜೆಗಳ ಮೇಲೆ ತೆರಿಗೆಯನ್ನಾಗಲಿ ಬಿಟ್ಟಿಯನ್ನಾಗಲಿ ಹೊರಿಸದೆ, ತನ್ನ ಬೊಕ್ಕಸದಿಂದಲೇ ಕಟ್ಟಿಸಿದನೆಂದು ಗಿರಿನಾರದ ಸಂಸ್ಕೃತ ಶಾಸನವು ಸಾರುತ್ತದೆ. ಕೆರೆಯ ನೀರಿನ ಬೆಲೆಯನ್ನು ಬಲ್ಲ ನಮ್ಮ ಸೀಮೆಯವರಿಗೆ ಇದು ಅಲ್ಪ ಕಾರ್ಯವೆಂದು ತೋರದು. ಮುಂದೆ ಈ ವಂಶದವರು ನಾಣ್ಯಗಳಲ್ಲಿಯೂ ಶಕವರ್ಷವನ್ನು ಕೊರೆಯಿಸಿದರು.

ಶಾತವಾಹನರಾದರೋ ತಂತಮ್ಮ ಆಳ್ವಿಕೆಯ ವರ್ಷಗಳನ್ನು ಮಾತ್ರ ಎಣಿಸುತ್ತಿದ್ದರು. ಶಕಗಣನೆಯನ್ನು ಆರಂಭಿಸಿದವನು ಕನಿಷ್ಕನೆಂದು ಹಿಂದೆ ಬಹುಮಂದಿ ಬಗೆದಿದ್ದರು. ಚಷ್ಟನನ ಆಳ್ವಿಕೆಯೊಡನೆಯೇ ಅದು ಮೊದಲಾಯಿತೆಂಬುದು ಈಗ ಅನೇಕ ವಿದ್ವಾಂಸರ ಮತ. ಕನ್ನಡ ನಾಡಿನಲ್ಲಿ ಒಂದನೆಯ ಪುಲಕೇಶಿಯ ಬಾದಾಮಿಯ ಬಂಡೆಗಲ್ಲು ಶಕವರ್ಷ 465ನ್ನು, ಎಂದರೆ ಕ್ರಿ. ಶ. 543ನ್ನು ಹೇಳುತ್ತದೆ. ತುರುವೇಕೆರೆ, ಅರಳಗುಪ್ಪೆಗಳಲ್ಲಿ ಗುಡಿಗಳು ಎದ್ದ ಹೊಯ್ಸಳರ ಕಾಲದ ಶಾಸನಗಳಲ್ಲಿಯೂ ಸಾಮಾನ್ಯವಾಗಿ ಇದೇ ಗಣನೆ. ಶಾಲಿವಾಹನನ ಹೆಸರು ಇದಕ್ಕೆ ಸೇರಿಕೊಂಡುದು ಮೊದಲಾಗಿ ಹಲವು ಶತಮಾನಗಳು ಕಳೆದ ತರುವಾಯ. 1957ರಲ್ಲಿ ಭಾರತ ಸರ್ಕಾರವು ರಾಷ್ಟ್ರೀಯ ಪಂಚಾಂಗಕ್ಕೆ ಆರಿಸಿಕೊಂಡುದೂ ಶಕವರ್ಷವನ್ನೇ.

ಸಂಕಲ್ಪದ ಪಾಠವನ್ನು ತಿದ್ದಬೇಕೆಂದು ನಾವು ಹೇಳುವುದಿಲ್ಲ. ಹಿರಿಯರಿಂದ ಬಂದುದು ಹಾಗೆಯೇ ನಡೆಯಲಿ. ಆದರೆ ಪರದೇಶದಿಂದ ಬಂದು ಈ ನೆಲದವರೇ ಆಗಿಹೋದ ಒಂದು ಮನೆತನದ ವರ್ಷಗಣನೆಯು ನಮ್ಮ ಶುಭಕಾರ್ಯಗಳಲ್ಲಿ ಇಂದಿಗೂ ಉಳಿದಿದೆಯೆಂಬುದನ್ನು ಮಕ್ಕಳಿಗೆ ತಿಳಿಸುವುದು ಸತ್ಯಕ್ಕೆ ನಾವು ಸಲ್ಲಿಸಬೇಕಾದ ಮರ್ಯಾದೆ.