ಹೊರದೇಶದ ಮಳಿಗೆ, ಉದ್ಯೋಗದ ಲೆಕ್ಕ

ಇಂಥ ಕಂಪನಿ ಇಂಥ ದೇಶದಲ್ಲಿ ಇಷ್ಟು ಮಳಿಗೆ ತೆರೆಯಲಿದೆ, ಇಷ್ಟು ಸಾವಿರ ಜನರಿಗೆ ಉದ್ಯೋಗ ದೊರೆಯಲಿದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಈ ಲೆಕ್ಕವನ್ನು ಓದುವ ಬಗೆಯನ್ನು ಸದಸ್ಯ ಬಾಂಧವರು ತಿಳಿದಿರುವುದು ಒಳ್ಳೆಯದು. ನಾವು ಬೆಳೆಯುವ ಕಾಫಿಯೂ ಬಹುಪಾಲು ಹೊರದೇಶಕ್ಕೇ ಹೋಗುವಂಥದು.

ಜರ್ಮನಿಯ ಆಲ್ಡಿ ಸಂಸ್ಥೆಯನ್ನೇ ತೆಗೆದುಕೊಳ್ಳೋಣ. 1913ರಲ್ಲಿ ಎಸ್ಸೆನ್ ಪಟ್ಟಣದಲ್ಲಿ ಅದು ಆಲ್ಬ್ರೆಕ್ಟ್ ಮನೆತನದ ಪುಟ್ಟ ದಿನಸಿ ಅಂಗಡಿ. ಎರಡನೆಯ ಮಹಾಯುದ್ಧದ ನಂತರ ಮಕ್ಕಳಾದ ಕಾರ್ಲ್ ಮತ್ತು ಥಿಯೋ ಅದನ್ನು ಬೆಳೆಸಿ, ಆಮೇಲೆ ಉತ್ತರ, ದಕ್ಷಿಣವೆಂದು ಪಾಲು ಮಾಡಿಕೊಂಡರು. (ಸಿಗರೇಟು ಮಾರಬೇಕೋ ಬೇಡವೋ ಎಂಬುದೇ ಮನಸ್ತಾಪಕ್ಕೆ ಕಾರಣವೆಂದು ಹೇಳುತ್ತಾರೆ. ಅಣ್ಣತಮ್ಮಂದಿರು ಪಾಲಾಗಲು ಎಲ್ಲ ಊರಿನಲ್ಲೂ ಇಷ್ಟೇ ಸಾಕು!) ದಕ್ಷಿಣದ ಪಾಲು 1976ರಲ್ಲಿ ಅಮೆರಿಕದ ಅಯೋವಾಕ್ಕೂ 1990ರಲ್ಲಿ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮಿಗೂ ಕಾಲಿಟ್ಟಿತು. 2023ರಲ್ಲಿ ಬ್ರಿಟನ್ನಿನಲ್ಲಿ ಸಾವಿರನೆಯ ಮಳಿಗೆ ತೆರೆಯಿತು. ಅಲ್ಲಿ ಅದರ ನೌಕರರು 40 ಸಾವಿರಕ್ಕೂ ಹೆಚ್ಚು.

ಸೋಜಿಗವೆಂದರೆ, ಒಂದೊಂದು ಮಳಿಗೆಯಲ್ಲಿ ಆಳುಗಳು ಬಹಳ ಕಡಿಮೆ. ಸರಕು ಬಂದ ರಟ್ಟಿನ ಪೆಟ್ಟಿಗೆಯ ಬಾಯಿ ಹರಿದು ಹಾಗೆಯೇ ಇಡುತ್ತಾರೆ. ಬಿಲ್ಲು ಹಾಕುವವರೇ ಬಿಡುವಾದಾಗ ಸರಕು ಜೋಡಿಸುತ್ತಾರೆ, ನೆಲವನ್ನೂ ಒರೆಸುತ್ತಾರೆ. ತಳ್ಳುಗಾಡಿಗೆ ನಾಣ್ಯ ಹಾಕಿ ಒಯ್ದ ಗಿರಾಕಿ ಆ ನಾಣ್ಯಕ್ಕಾಗಿ ತಾನೇ ಅದನ್ನು ಹಿಂದಕ್ಕೆ ತಂದು ನಿಲ್ಲಿಸುತ್ತಾನೆ. ಅಲ್ಲೊಂದು ಆಳಿನ ಖರ್ಚು ಉಳಿಯಿತು. ಹಾಗಾಗಿ ಉದ್ಯೋಗ ಹೆಚ್ಚುವುದು ಮಳಿಗೆಗಳ ಸಂಖ್ಯೆಯಿಂದ, ಅವುಗಳ ಹಿಂದಿರುವ ಗೋದಾಮು, ಲಾರಿ, ಕಟ್ಟಡದ ಕೆಲಸಗಳಿಂದ. ಆದರೆ ಹೊಸ ಅಂಗಡಿ ಬಂತೆಂದು ಜನ ಎರಡು ಪಟ್ಟು ಉಣ್ಣುವುದಿಲ್ಲವಷ್ಟೆ. ವ್ಯಾಪಾರದ ದೊಡ್ಡ ಪಾಲು ಪಕ್ಕದ ಅಂಗಡಿಯಿಂದ ಬಂದದ್ದೇ. ಅಲ್ಲಿ ಹೋದ ಕೆಲಸಗಳನ್ನು ಕಳೆದು ಉಳಿದದ್ದನ್ನು ಮಾತ್ರ ಹೊಸ ಉದ್ಯೋಗವೆನ್ನಬೇಕು. ಕಂಪನಿಗಳ ಪ್ರಕಟಣೆಯಲ್ಲಿ ಈ ಕಳೆಯುವ ಲೆಕ್ಕ ಇರುವುದಿಲ್ಲ.

ಹೋದವರೆಲ್ಲ ನೆಲೆ ನಿಂತರೆಂದೂ ಅಲ್ಲ. ಬ್ರಿಟನ್ನಿನ ಟೆಸ್ಕೊ 2007ರಲ್ಲಿ ಅಮೆರಿಕದ ಪಶ್ಚಿಮ ಭಾಗದಲ್ಲಿ 'ಫ್ರೆಶ್ ಅಂಡ್ ಈಸಿ' ಎಂಬ ಮಳಿಗೆಗಳನ್ನು ತೆರೆದು, ಸುಮಾರು 200ರವರೆಗೆ ಬೆಳೆಸಿ, 2013ರಲ್ಲಿ ಕೈಬಿಟ್ಟಿತು. ಕೊಂಡವರೂ 2015ರಲ್ಲಿ ಬಾಗಿಲು ಹಾಕಿದರು.

ಇನ್ನು ನಮ್ಮ ವಿಷಯ. ಜರ್ಮನಿ ಭಾರತದ ಕಾಫಿಯನ್ನು ಕೊಳ್ಳುವ ಮುಖ್ಯ ದೇಶಗಳಲ್ಲೊಂದು. ಆಲ್ಡಿಗೆ ಅಲ್ಲಿ ಸ್ವಂತ ಹುರಿಯುವ ಕಾರ್ಖಾನೆಗಳಿವೆ; ಹಸಿ ಬೀಜ ತರಿಸಿ, ತನ್ನದೇ ಹೆಸರಿನ ಪೊಟ್ಟಣದಲ್ಲಿ ಮಾರುತ್ತದೆ. ಇಂಥ ವ್ಯಾಪಾರದಲ್ಲಿ ಕೊಯ್ಲು, ಪಲ್ಪಿಂಗ್, ಕಣ, ಕ್ಯೂರಿಂಗ್, ಇಷ್ಟು ನಮ್ಮ ಜನರಿಗೆ ಸಿಗುವ ಕೆಲಸ. ಹುರಿಯುವ, ಪುಡಿ ಮಾಡುವ, ಕಟ್ಟುವ ಕೆಲಸ ಬೀಜದ ಜೊತೆಗೇ ಮಂಗಳೂರಿನಲ್ಲಿ ಹಡಗು ಹತ್ತುತ್ತದೆ.